ಎರಡು ಹಳದಿ ಗೆರೆ

ಅಥವಾ ‘ಎರಡು ಅಂತ ಬರಿ’ ಎಂದವಳು ಅವಳೇ ಇರಬಹುದು, ನಾನಲ್ಲ. ಇಷ್ಟು ವರ್ಷ ನಾನೇ ಅಂದೆ ಎಂದುಕೊಂಡು ಬಂದಿದ್ದೇನೆ. ತಪ್ಪು ನನ್ನದಾದರೆ ಕತೆ ಸಲೀಸಾಗಿ ಕೂರುತ್ತದೆ, ಅದಕ್ಕೇ ಅನುಮಾನ.

ಧಾರವಾಡದ ಕಾಲೇಜು, ಬಿ.ಎಸ್ಸಿ. ಎರಡನೇ ವರ್ಷ, ಫಿಜಿಕ್ಸ್ ಲ್ಯಾಬಿನ ಡಾರ್ಕ್ ರೂಮ್. ಹೊರಗೆ ಮಧ್ಯಾಹ್ನ, ಕಿಟಕಿಗೆ ಕರಿ ಪರದೆ. ಸೋಡಿಯಂ ದೀಪ ಹಚ್ಚಿದರೆ ಬೇರೆ ಬಣ್ಣಗಳೆಲ್ಲ ಸತ್ತುಹೋಗುತ್ತಿದ್ದವು. ಅವಳ ಕೆಂಪು ದುಪಟ್ಟಾ ಬೂದಿಯಾಗಿತ್ತು. ನೀಲಿ ಇತ್ತೇನೋ, ಆ ಬೆಳಕಿನಲ್ಲಿ ಎರಡೂ ಒಂದೇ.

ಅವಳು ನನ್ನ ಲ್ಯಾಬ್ ಜೋಡಿ. ಹಳೇ ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಆಡುತ್ತ ಬೆಳೆದವಳು, ಹಾಗಾಗಿ ದೀಪದ ಬೆಳಕನ್ನು ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ದುರ್ಬೀನಿಗೂ ಬಲಗಣ್ಣೇ.

ಸೋಡಿಯಂ ಪರಮಾಣುವಿನ ಹೊರಗಿನ ಕವಚದಲ್ಲಿ ಒಂದೇ ಇಲೆಕ್ಟ್ರಾನ್. ಶಕ್ತಿ ಸಿಕ್ಕಾಗ ಮೇಲಿನ ಮಟ್ಟಕ್ಕೆ ಹೋಗುತ್ತದೆ, ಇಳಿಯುವಾಗ ಆ ಅಂತರದಷ್ಟೇ ಶಕ್ತಿಯನ್ನು ಒಂದು ಬೆಳಕಿನ ಕಣವಾಗಿ ಬಿಟ್ಟುಕೊಡುತ್ತದೆ. ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ಆ ಮೇಲಿನ ಮಟ್ಟ ನಿಜಕ್ಕೂ ಎರಡು, ತೀರ ಹತ್ತಿರ ಹತ್ತಿರ. ಆದ್ದರಿಂದ ಹಳದಿ ಗೆರೆಯೂ ಎರಡು. ಇಷ್ಟು ನಮಗೆ ಬಾಯಿಪಾಠವಾಗಿತ್ತು.

“ನನಗ ಒಂದ ಗೆರಿ ಕಾಣಾಕತ್ತೈತಿ,” ಅಂದಳು.

“ಎರಡ ಅದಾವ. ಸರಿಯಾಗಿ ನೋಡು.”

“ಹಂಗಾರ ನಿನ್ನ ಕಣ್ಣ ಕೊಡು.”

ಬಾಗಿಲಲ್ಲಿದ್ದ ಸರ್, “ಎಷ್ಟೊತ್ತು ನೋಡ್ತೀರಿ, ಸಿನಿಮಾ ಏನದು? ರೀಡಿಂಗ್ ಬರಕೊಂಡ ಹೊರಗ ಬರ್ರಿ,” ಅಂದರು.

ಆಗ ನಮ್ಮಲ್ಲೊಬ್ಬಳು ‘ಎರಡು ಅಂತ ಬರಿ’ ಎಂಬ ಆ ಮಾತು ಅಂದದ್ದು. ಎರಡನೇ ಗೆರೆಯ ಕೋನದ ರೀಡಿಂಗನ್ನು ಸೀನಿಯರ್ ಒಬ್ಬಳ ಲ್ಯಾಬ್ ಜರ್ನಲ್ಲಿನಿಂದ ಎತ್ತಿದೆವು. ಅನುಮಾನ ಬಾರದಿರಲೆಂದು ಕೊನೆಯ ಅಂಕಿಯನ್ನು ಮಾತ್ರ ಬದಲಿಸಿದೆವು. ಎಲ್ಲರೂ ಹಾಗೇ ಮಾಡುತ್ತಿದ್ದರು. ಸರ್ ಸಹಿ ಹಾಕಿದರು.

ಹೋದ ತಿಂಗಳು ಅವಳ ಜೊತೆ ಸತ್ತೂರಿಗೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಅವಳ ಬಲಗಣ್ಣಿನ ನೋಟದ ನಡುಭಾಗ ಹೋಗಿಬಿಟ್ಟಿದೆ. ಆ ಕಣ್ಣಿಂದ ಯಾವ ಮುಖ ನೋಡಿದರೂ ಮೂಗು ಬಾಯಿಯ ಜಾಗದಲ್ಲಿ ಮಸುಕು.

“ಇದು ಬಾಳ ಹಳೇ ತ್ರಾಸ್ ಐತಿ. ಮೊದಲ ಯಾವಾಗ ಗೊತ್ತಾತ್ರಿ?” ಡಾಕ್ಟರು ಕೇಳಿದರು.

ಅವಳು ನನ್ನತ್ತ ತಿರುಗಿದಳು. “ಕಾಲೇಜಿನ್ಯಾಗ ನಾ ಒಂದ ಗೆರಿ ಅಂದಿದ್ನಲ್ಲ, ನೆನಪೈತೇನು?” ನಾನು ಹೌದೆಂದು ತಲೆ ಆಡಿಸಿದೆ. ಅವಳು ಡಾಕ್ಟರನ್ನು ಕೇಳಿದಳು: “ಆಗ ಬಂದಿದ್ರ ಉಳೀತಿತ್ತೇನ್ರಿ?”

“ಉಳಿದರೂ ಉಳೀತಿತ್ತು. ಆಗಿಂದ ಸುರು ಆಗಿತ್ತು ಅನ್ನಾಕ ಏನರ ಬರದಿಟ್ಟದ್ದು ಐತೇನ್ರಿ?”

ಬರೆದಿಟ್ಟದ್ದು ಇದೆ. ಎರಡು ಜರ್ನಲ್, ಎರಡರಲ್ಲೂ ಎರಡು ಗೆರೆ, ಕೆಳಗೆ ಸಹಿ.

ಬಸ್‌ಸ್ಟಾಪಿನಲ್ಲಿ ಅವಳು ನಕ್ಕಳು. “ದಾಖಲೆ ಪ್ರಕಾರ ಆಗ ನನ್ನ ಕಣ್ಣು ಛಲೋನ ಇತ್ತು ನೋಡು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಮಧ್ಯಾಹ್ನ ಅವಳ ಕಣ್ಣು ಕೆಡಲು ಶುರುವಾಗಿತ್ತೋ, ದುರ್ಬೀನನ್ನೇ ನಾವು ಸರಿಯಾಗಿ ಹೊಂದಿಸಿರಲಿಲ್ಲವೋ. ಅವಳಾದ ಮೇಲೆ ಅದೇ ದುರ್ಬೀನಿನಲ್ಲಿ ನಾನೂ ನೋಡಿದ್ದೆ. ನನಗೆ ಎರಡು ಕಂಡಿದ್ದರೆ ದುರ್ಬೀನು ಸರಿಯಿತ್ತು, ಅವಳ ಕಣ್ಣೇ ಕೆಟ್ಟಿತ್ತು. ನನಗೂ ಒಂದೇ ಕಂಡಿದ್ದರೆ ತಪ್ಪು ದುರ್ಬೀನಿನದು. ಈಗ ಕಣ್ಣು ಮುಚ್ಚಿದರೆ ಎರಡು ಗೆರೆ ಸ್ಪಷ್ಟ ಕಾಣುತ್ತವೆ. ಅವು ಪಠ್ಯಪುಸ್ತಕದ ಚಿತ್ರದವು ಇರಬಹುದು. ಆ ದಿನ ನನಗೆ ಎಷ್ಟು ಕಂಡವು ಎಂಬುದು ನನಗೆ ಗೊತ್ತಿಲ್ಲ.