ಅಕ್ಷತೆ ಬಿದ್ದ ಪಿಸ್ತೂಲು

ಕ್ಯಾಸಂಬಳ್ಳಿಯ ಕದಿರಪ್ಪ ಕೆ.ಜಿ.ಎಫ್‌ನ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ. ಚಿನ್ನದ ಪೆಟ್ಟಿಗೆಯ ಜೊತೆ ಬಂಗಾರಪೇಟೆಗೆ ಹೋಗುವ ಕಾವಲಿನ ದೊರೆಗಳ ಆರು ಪಿಸ್ತೂಲುಗಳನ್ನು ಹದಿನೈದು ವರ್ಷ ಬಿಚ್ಚಿ, ಒರೆಸಿ, ಎಣ್ಣೆ ಹಾಕಿದ. ಒಂದೇ ಒಂದು ಗುಂಡು ಹಾರಿಸಲಿಲ್ಲ. ಹಾರಿಸುವುದು ದೊರೆಗಳ ಕೆಲಸ, ಮಸಿ ಒರೆಸುವುದು ನಮ್ಮವರದು. ಆ ಕಾಲದಲ್ಲಿ ಎಲ್ಲ ಕೆಲಸದ ಹಂಚಿಕೆಯೂ ಹಾಗೇ ಇತ್ತು.

ಅವು ವೆಬ್ಲಿ ಪಿಸ್ತೂಲುಗಳು. ಬ್ರಿಟಿಷ್ ಸೈನ್ಯ ಆ ಜಾತಿಯದನ್ನು ಮೊದಲು ಒಪ್ಪಿಕೊಂಡದ್ದು ೧೮೮೭ರಲ್ಲಿ. ಹಳೆಯ ಎಷ್ಟೋ ಪಿಸ್ತೂಲುಗಳಲ್ಲಿ ಸುಟ್ಟ ತೋಟಾಗಳನ್ನು ಕಡ್ಡಿಯಿಂದ ಒಂದೊಂದಾಗಿ ತಳ್ಳಬೇಕಿತ್ತು. ಇದರಲ್ಲಿ ಹೆಬ್ಬೆರಳಿನಿಂದ ಚಿಲಕ ಒತ್ತಿ ನಳಿಗೆ ಬಾಗಿಸಿದರೆ ಸಾಕು, ಮೈ ನಡುವೆ ಮಡಚಿಕೊಂಡು, ತೋಟಾದ ಉರುಳೆಯಿಂದ ನಕ್ಷತ್ರದಂಥ ಬಿಲ್ಲೆಯೊಂದು ಮೇಲೆದ್ದು ಆರನ್ನೂ ಒಮ್ಮೆಗೇ ಹೊರಗೆಸೆಯುತ್ತಿತ್ತು. ಕದಿರಪ್ಪನ ಕೈಗೆ ಬಂದವು ೧೯೧೫ರ ಮಾದರಿ, ಆರಂಗುಲದ ನಳಿಗೆಯವು. ಯುದ್ಧದ ಕೆಸರು ಕಂಡವು, ಮಣಿಕಟ್ಟು ಸೋಲುವಷ್ಟು ಭಾರ.

ಐವತ್ತು ದಾಟಿದ ಮೇಲೆ ಅವನ ಕಣ್ಣಿಗೆ ಪೊರೆ ಬಂತು. ಹೆಂಡತಿ ಮುನಿಶಾಮಮ್ಮನಿಗಲ್ಲದೆ ಯಾರಿಗೂ ಹೇಳಲಿಲ್ಲ. ಕೆಲಸ ಹೋದರೆ ಗಣಿಯವರು ಕೊಟ್ಟ ಲೈನಿನ ಮನೆಯೂ ಹೋಗುತ್ತದೆ, ಊರಿನಲ್ಲಿ ತುಂಡು ನೆಲವೂ ಇರಲಿಲ್ಲ. ಎರಡು ವರ್ಷ ಬೆರಳಿನಿಂದಲೇ ಮುಟ್ಟಿ ಮುಟ್ಟಿ ಕೆಲಸ ಮಾಡಿದ. ಬೆರಳಿಗೂ ಕಣ್ಣಿದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದನಂತೆ. ಆದರೆ ಕಾಣುವವನ ಹಾಗೆ ನಟಿಸುವುದಿದೆಯಲ್ಲ, ಅದರಷ್ಟು ಸುಸ್ತಿನ ಕೆಲಸ ಗಣಿಯ ತಳದಲ್ಲೂ ಇರಲಿಕ್ಕಿಲ್ಲ. ಸಂಜೆ ಮನೆಗೆ ಬಂದರೆ ಮುದ್ದೆ ಮುರಿಯಲೂ ಕೈ ಏಳುತ್ತಿರಲಿಲ್ಲ.

ಒಂದು ಆಯುಧಪೂಜೆಗೆ ಸುತ್ತಿಗೆ, ಅರಗಳ ಜೊತೆ ಪಿಸ್ತೂಲುಗಳನ್ನೂ ಇಟ್ಟರು. ದೇವಿಯ ಕೃಪೆ ಒಳಕ್ಕೂ ಇಳಿಯಲಿ ಎಂದು ಕದಿರಪ್ಪ ಅವನ್ನು ಅರ್ಧ ಮಡಚಿಯೇ ಇಟ್ಟು ಅಕ್ಷತೆ ಹಾಕಿದ. ಪೂಜೆಯಾದ ಮೇಲೆ ಒರೆಸಿ, ಮಡಚಿದ್ದ ಹಾಗೆಯೇ ಪಕ್ಕದ ಬೆಂಚಿನ ಕುಪ್ಪುಸ್ವಾಮಿಯ ಕೈಗೆ ಕೊಟ್ಟ. ಕಾವಲಿನವರಿಗೆ ಅವನ್ನು ಒಪ್ಪಿಸುವುದು ಕುಪ್ಪುಸ್ವಾಮಿಯ ಕೆಲಸ.

ಮರುದಿನ ಪೆಟ್ಟಿಗೆ ಹೊರಡುವ ಹೊತ್ತಿಗೆ ಒಂದು ಪಿಸ್ತೂಲು ಮುಚ್ಚಿಕೊಳ್ಳಲೇ ಇಲ್ಲ. ನಕ್ಷತ್ರದ ಬಿಲ್ಲೆಯ ಕೆಳಗೆ ಅರಿಶಿನದ ಅಕ್ಕಿಕಾಳೊಂದು ಸಿಕ್ಕಿಕೊಂಡಿತ್ತು. ವರ್ಕ್‌ಶಾಪಿನ ದೊರೆ, ಒಪ್ಪಿಸಿದವನೇ ಹೊಣೆ ಎಂದು ಕುಪ್ಪುಸ್ವಾಮಿಯನ್ನು ಕೆಲಸದಿಂದ ತೆಗೆಯಹೊರಟ. ಕುಪ್ಪುಸ್ವಾಮಿ ತಲೆ ತಗ್ಗಿಸಿ ನಿಂತನೇ ಹೊರತು ತುಟಿ ಬಿಚ್ಚಲಿಲ್ಲ. ಕದಿರಪ್ಪನಿಗೆ ಆ ಮೌನವನ್ನು ತಡೆಯಲಾಗಲಿಲ್ಲ.

"ಅದು ನನ್ ಕೈಕೆಲ್ಸ ದೊರೆ. ನಂಗೆ ಎರಡು ವರ್ಸದಿಂದ ಕಣ್ಣು ಕಾಣಾಕಿಲ್ಲ" ಎಂದ.

ದೊರೆ ಬೈಯಲಿಲ್ಲ. ಮನೆ ಖಾಲಿ ಮಾಡಲು ಎಂಟು ದಿನ ಕೊಟ್ಟ, ಅಷ್ಟೆ. ನಿಜ ಹೇಳಬೇಕೆಂದರೆ ಕದಿರಪ್ಪನಿಗೆ ದುಃಖಕ್ಕಿಂತ ಮೊದಲು ನಿದ್ದೆ ಬಂತು. ಮುನಿಶಾಮಮ್ಮ ಮಾತ್ರ ಮೂರು ದಿನ ಅವನೊಂದಿಗೆ ಮಾತು ಬಿಟ್ಟಳು. ಅವಳ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ.

ಹೊರಡುವ ದಿನ ಕುಪ್ಪುಸ್ವಾಮಿ ಟ್ರಂಕಿಗೆ ಹಗ್ಗ ಕಟ್ಟಲು ಬಂದ. ತಪ್ಪು ನಿನ್ನದಲ್ಲ ಅಂತ ಅವತ್ತು ಯಾಕೆ ಬಾಯಿಬಿಡಲಿಲ್ಲ ಎಂದು ಕದಿರಪ್ಪ ಕೇಳಿದ.

"ನಂದೂ ತಪ್ಪೈತಣ್ಣ. ನೀನು ಮನೆಗೋದ್ಮೇಲೆ ದಿನಾ ಆರನ್ನೂ ನಾನೊಂದ್ಸಲ ನೋಡೇ ಕೊಡ್ತಿದ್ದೆ. ಎರಡು ವರ್ಸದಿಂದ. ಅಬ್ಬದ ದಿನ ಮಾತ್ರ ನೋಡ್ಲಿಲ್ಲ."

ಕದಿರಪ್ಪ ಟ್ರಂಕಿನ ಮೇಲೆ ಕುಳಿತುಬಿಟ್ಟ. ಕೆಲಸ ಹೋದಾಗ, ಮನೆ ಹೋದಾಗ ಆಗದ ನೋವು ಆಗ ಆಯಿತು. ಆಮೇಲೆ ಕೇಳಿದ: "ಎಷ್ಟ್ ಸಲ ತಪ್ಪು ಸಿಕ್ತು?"

"ಒಂದ್ಸಲಾನೂ ಇಲ್ಲಣ್ಣ."

ಅದು ಸುಳ್ಳೆಂದು ತಿಳಿಯಲು ಕಣ್ಣು ಬೇಕಿರಲಿಲ್ಲ. "ಅಂಗಾರೆ ಸರಿ ಬುಡು" ಎಂದು ಕದಿರಪ್ಪ ಎದ್ದ. ಲೈನಿನ ಜನವೆಲ್ಲ ನೋಡುತ್ತಿದ್ದಂತೆ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು, ಅವಳು ನಡೆಸಿದ ಕಡೆ ನಡೆದ.