ಡಾಕ್ಟರ್ ಅಂಕಲ್ ಅವರ ನಲವತ್ತನಾಲ್ಕು

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಎಣ್ಣೆ ಸೀಸೆಯ ಮುಚ್ಚಳ ತಿರುವಿದರೆ ಸಾಕು, ಡಾಲಸ್ ಪಕ್ಕದ ಇರ್ವಿಂಗ್‌ನ ಈ ಅಪಾರ್ಟ್‌ಮೆಂಟಿನ ತುಂಬ ಹೊಲಿಗೆ ಯಂತ್ರದ ವಾಸನೆ ಹರಡುತ್ತದೆ. ಮೈಸೂರಿನಲ್ಲಿ ಅಮ್ಮ ರವಿಕೆ ಹೊಲಿಯುತ್ತಿದ್ದ ಕೋಣೆಯ ವಾಸನೆ ಅದು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಇದ್ದೇನೆ. ಯಾವ ಯಂತ್ರಕ್ಕೆ ಎಣ್ಣೆ ಹಾಕುತ್ತೇನೆ ಎಂಬುದನ್ನು ಮಾತ್ರ ಬಹಳ ದಿನ ಹೇಳಿರಲಿಲ್ಲ. ನಿಮಗೆ ಹೇಳಬಹುದು: ನೂರು ವರ್ಷ ಎಂದೋ ದಾಟಿದ, ಒಂದು ಕಿಲೋಗಿಂತ ಹೆಚ್ಚು ತೂಗುವ, ನಳಿಗೆಯ ಬಾಯಲ್ಲಿ ನನ್ನ ಕಿರುಬೆರಳ ತುದಿ ಇಳಿಯುವಷ್ಟು ದಪ್ಪ ಗುಂಡಿನ ರಿವಾಲ್ವರ್.

ನಾಲ್ಕು ಜನ ಸೇರಿದ ಕಡೆ ಮಾತಾಡುವುದಕ್ಕಿಂತ ಪಾತ್ರೆ ತೊಳೆಯುವುದನ್ನೇ ಆರಿಸಿಕೊಳ್ಳುವ ನನ್ನಂಥವಳಿಗೆ ಈ ಹವ್ಯಾಸ ಹತ್ತಿಸಿದವರು ಹ್ಯೂಸ್ಟನ್ನಿನ ಡಾಕ್ಟರ್ ಅಂಕಲ್. ಧಾರವಾಡದವರು, ನಿವೃತ್ತ ಸರ್ಜನ್, ಅಪ್ಪನ ಗೆಳೆಯರ ಅಣ್ಣ. ೨೦೧೨ರಲ್ಲಿ ನಾನು ಆಸ್ಟಿನ್‌ಗೆ ಎಂ.ಎಸ್. ಓದಲು ಬಂದಾಗ, ಮೊದಲ ದಸರೆಗೆ ಬಸ್ಸಿನಲ್ಲಿ ಹ್ಯೂಸ್ಟನ್ನಿಗೆ ಕರೆಸಿಕೊಂಡರು. ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಸ್ಕೂಟರು ಮತ್ತು ಈಳಿಗೆಮಣೆ. ಅಲ್ಲಿ ನೋಡಿದರೆ ಸ್ಟೆತಸ್ಕೋಪು, ಕಾರಿನ ಕೀಲಿ, ಮಿಕ್ಸಿ, ಅವುಗಳ ಪಕ್ಕದಲ್ಲಿ ಇಳಕಲ್ ಸೀರೆಯೊಂದರ ಮೇಲೆ ಸಾಲಾಗಿ ಮಲಗಿದ ಏಳು ರಿವಾಲ್ವರ್‌ಗಳು! ಅಂಕಲ್ ಅವರ ಹೆಂಡತಿ ಸುಮಿತ್ರಾ ಆಂಟಿ ಉಂಗುರ ಬೆರಳನ್ನು ಗಂಧದಲ್ಲಿ ಅದ್ದಿ, ಒಂದೊಂದಕ್ಕೂ ಮೂರು ಕಡೆ ಒತ್ತಿದರು. ನಳಿಗೆಗೆ ಒಂದು, ಗುಂಡು ತುಂಬುವ ಉರುಳೆಗೆ ಒಂದು, ಹಿಡಿಯ ಬುಡಕ್ಕೆ ಒಂದು. ಗಂಧದ ಮೇಲೆ ಅರಿಶಿನ, ಕುಂಕುಮ. ಅಂಕಲ್ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು.

ಮರುದಿನ ಊರಾಚೆಯ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಕರೆದುಕೊಂಡು ಹೋದರು. ನಾನು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಕಂಡು, "ಹೆದರಬ್ಯಾಡವಾ. ಹೊಸಾವು ಒದೀತಾವ. ಇದು ಹಳೇ ಮಂದಿ, ಸುಮ್ನ ದೂಡತದ" ಎಂದರು. ಹಾಗೆಯೇ ಆಯಿತು. ಯಾರೋ ಹಿರಿಯರು ಅಂಗೈ ಹಿಡಿದು ನಿಧಾನವಾಗಿ ಹಿಂದಕ್ಕೆ ತಳ್ಳಿದಂತೆ. ಎದುರಿಗೆ ಬಿಳಿ ಹೊಗೆಯ ಮೋಡ, ದೀಪಾವಳಿಯ ಘಾಟು. ನನ್ನ ಗುಂಡು ಗುರಿಯ ಹಾಳೆಗೆ ತಗುಲಲಿಲ್ಲ, ಹಾಳೆಯನ್ನು ಹಿಡಿದಿದ್ದ ಕ್ಲಿಪ್ಪಿಗೆ ತಗುಲಿತು. "ಭಾಳ ಛಲೋ! ಅದಕ್ಕ ಗುರಿ ಇಡೂದು ಇನ್ನೂ ಕಷ್ಟ" ಎಂದು ಅಂಕಲ್ ನಕ್ಕರು. ಆ ದಿನದಿಂದ ನಾನು ಕೆಟ್ಟೆ.

ಹಳೆಯ ವಸ್ತು ಕೂಡಿಡುವವರಿಗೆ ಒಂದು ಮಡಿಯಿದೆ: ತಿಕ್ಕಬಾರದು. ಕಾಲ ಕೊಟ್ಟ ಕಂದುಬಣ್ಣವೇ ಅದರ ಜಾತಕ. ಹೊರಮೈಗೆ ಅಂಕಲ್ ಒಣ ಬಟ್ಟೆಯಿಂದ ಮೇಲೆ ಮೇಲೆ ಒರೆಸುವುದನ್ನು ಬಿಟ್ಟರೆ ಏನನ್ನೂ ಮಾಡುತ್ತಿರಲಿಲ್ಲ. ಇನ್ನೊಂದು ಮಡಿ, ಅಂಕಿಗಳದು. ಕಾರ್ಖಾನೆಯಲ್ಲಿ ಹಿಡಿಯ ಬುಡಕ್ಕೂ ಉರುಳೆಯ ಬೆನ್ನಿಗೂ ಒಂದೇ ಸಂಖ್ಯೆಯನ್ನು ಕೊರೆದಿರುತ್ತಾರೆ. ಎರಡೂ ಹೊಂದಿದರೆ ಅಸಲು, ಹೊಂದದಿದ್ದರೆ ಬಿಡಿಭಾಗ ಸೇರಿಸಿದ ಕಲಬೆರಕೆ.

ಅಂಕಲ್‌ಗೆ ಏಳರಲ್ಲಿ ಪ್ರಾಣವಾಗಿದ್ದದ್ದು ನಳಿಗೆಯ ಬಾಯಗಲ ನಲವತ್ತನಾಲ್ಕು ಕ್ಯಾಲಿಬರ್ ಇರುವ ಒಂದು. ಮೂವತ್ತು ವರ್ಷದ ಹಿಂದೆ ಕೊಂಡದ್ದು. ಡಾಲಸ್ಸಿನ ಹಳೆಯ ಬಂದೂಕುಗಳ ಪ್ರದರ್ಶನದಲ್ಲಿ ಪರೀಕ್ಷಕರು ಅದನ್ನು ಒಮ್ಮೆ ಅಸಲಲ್ಲವೆಂದು ತಿರಸ್ಕರಿಸಿದ್ದರು. ಉರುಳೆಯ ಕೊನೆಯ ಅಂಕಿ ಎಂಟು, ಹಿಡಿಯದು ಮೂರು. "ನಾ ತಗೊಳ್ಳೂಮುಂದ ನೋಡೇ ತಗೊಂಡೀನಿ, ಎರಡೂ ಒಂದ ಇದ್ವು" ಎಂದು ಅಂಕಲ್ ಹೇಳುತ್ತಲೇ ಇದ್ದರು. ಸಂಗ್ರಹಕಾರ ಗೆಳೆಯರು ಮುಖ ನೋಡಿಕೊಂಡು ಮುಗುಳ್ನಗುತ್ತಿದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯನಿಗೆ ತನ್ನ ಕಣ್ಣಿನ ಮೇಲೇ ಸಂಶಯ ಬಂದಿತ್ತು. ಒಂದು ಸಲ ನನ್ನೊಡನೆ ಮೆಲ್ಲಗೆ, "ನನಗ ಮರವು ಸುರುವಾಗೇದೇನು?" ಎಂದರು.

ಅಷ್ಟರಲ್ಲಿ ನಾನು ಡಾಲಸ್ಸಿಗೆ ಬಂದು, ಚಿಪ್‌ಗಳ ದೋಷ ಹುಡುಕುವ ಕೆಲಸಕ್ಕೆ ಸೇರಿದ್ದೆ. ದಿನವಿಡೀ ಭೂತಗನ್ನಡಿಯಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ನನ್ನ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ಉದ್ಯೋಗವಿಲ್ಲ. ಆ ವರ್ಷ ಅಂಕಲ್, ಆಂಟಿ ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಪ್ರದರ್ಶನಕ್ಕೆ ಬಂದರು. "ಇದೊಂದು ಸಲ ಕೇಳೂಣು. ಇಲ್ಲಂದ್ರ ಇಲ್ಲ" ಎಂದರು ಅಂಕಲ್.

ಅಗಲ ಟೊಪ್ಪಿಗೆಯ ಗಂಡಸರೇ ತುಂಬಿದ ಸಭಾಂಗಣ. ವಸ್ತು ಅಸಲೋ ಅಲ್ಲವೋ ಎಂದು ಹೇಳುವ ‘ಅಸಲು ಮೇಜಿ’ಗೆ ರೇ ಎಂಬ ವೃದ್ಧ ಪರೀಕ್ಷಕ. ಟಾರ್ಚು ಬಿಟ್ಟು ನೋಡಿ, "ಸಾರಿ, ಡಾಕ್. ಮೂರು ಮೂರೇ" ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂಕಲ್ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

"ಅಂಕಲ್, ಒಂದ್ನಿಮಿಷ ನಂಗೆ ಕೊಡಿ" ಎಂದದ್ದು ನನ್ನದೇ ದನಿ. ನನಗೇ ಗುರುತು ಸಿಗಲಿಲ್ಲ.

ಕೈಚೀಲದಿಂದ ಭೂತಗನ್ನಡಿ ತೆಗೆದೆ. ಮೂರರ ಎಡಕ್ಕೆ ಕಂದು ಕಲೆ, ಎಲ್ಲರೂ ಮಡಿಯಿಂದ ಮುಟ್ಟದೆ ಬಿಟ್ಟಿದ್ದ ಕಲೆ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ. ಅಂಥ ಹಳದಿಯ ತುಕ್ಕನ್ನು ನಾನು ಕಂಡವಳಲ್ಲ. ಆಂಟಿಯ ಉಂಗುರ ಬೆರಳು ಕಣ್ಣ ಮುಂದೆ ಬಂತು: ಹಿಡಿಯ ಬುಡಕ್ಕೆ ಒಂದು, ಪ್ರತಿವರ್ಷ, ಮೂವತ್ತು ವರ್ಷ.

ರೇಯ ಒಪ್ಪಿಗೆ ಕೇಳಿ, ಅವನ ಕಣ್ಣೆದುರೇ ಒಂದು ಹನಿ ಎಣ್ಣೆ ಬಿಟ್ಟು, ಊಟದ ಕೌಂಟರಿನಿಂದ ತಂದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದೆ. ಚಕ್ಕೆ ಎದ್ದಿತು. ಡಾಲಸ್ಸಿನ ಆ ಸಭಾಂಗಣದ ನಡುವೆ ಶ್ರೀಗಂಧದ ಪರಿಮಳ! ಮೂರಕ್ಕೆ ಎಡಗಡೆಯಿಂದ ಒಂದು ಕಮಾನು ಬೆಳೆಯಿತು, ಅದರ ಕೆಳಗೆ ಇನ್ನೊಂದು. ರೇ ಭೂತಗನ್ನಡಿ ಕಸಿದುಕೊಂಡು ಬಗ್ಗಿದ.

"ಎಂಟು" ಎಂದ. ಎದ್ದು ನಿಂತು ಟೊಪ್ಪಿಗೆ ತೆಗೆದು, "ಡಾಕ್, ನಿಮ್ಮ ಮಾತೇ ಸರಿಯಿತ್ತು. ನಾನೇ ತಪ್ಪಿದೆ" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದ.

"ಅಯ್ಯ, ಮೂವತ್ತು ವರ್ಷ ನಾನ ಮುಚ್ಚಿದ್ನೇನ್ರಿ ಅದನ್ನ?" ಎಂದು ಆಂಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಮುಚ್ಚಿ ಕಾಪಾಡೀದಿ ಬಿಡು" ಎಂದರು ಅಂಕಲ್. ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. "ನೋಡವಾ, ನನಗ ಮರವು ಸುರುವಾಗಿಲ್ಲ! ಕಣ್ಣು ಮುಚ್ಚಿ ಪೂಜಾ ಮಾಡಿದ್ದ ತಪ್ಪು."

ಆ ಸಂಜೆಯವರೆಗೂ ರಿವಾಲ್ವರ್ ಮೇಜಿನ ನಟ್ಟನಡುವೆ ಕುಳಿತಿತ್ತು. ಬಂದವರಿಗೆಲ್ಲ ಆಂಟಿ ತಮ್ಮ ಇಂಗ್ಲಿಷಿನಲ್ಲಿ ಕುಂಕುಮ ಮಾಡುವ ಬಗೆ ವಿವರಿಸಿದರು. ಮೂರು ಜನ ಟೊಪ್ಪಿಗೆಯವರು ಬರೆದುಕೊಂಡರು.

ಈಗ ಎಣ್ಣೆ ಒರೆಸಿ ಮುಗಿಯಿತು. ಹೊರಡಬೇಕು. ಇವತ್ತು ಹತ್ತು ಗಂಟೆಗೆ ಮತ್ತೆ ಅದೇ ಪ್ರದರ್ಶನ. ರೇಗೆ ಈಗ ಕಣ್ಣು ಸಾಲದು, ಅಸಲು ಮೇಜನ್ನು ನನಗೆ ಒಪ್ಪಿಸಿದ್ದಾನೆ. ನಾನೇ ಕೊಂಡ ಈ ರಿವಾಲ್ವರನ್ನು ಮಾತ್ರ ಅವನೇ ಪರೀಕ್ಷಿಸಬೇಕೆಂದು ಬರೆದು ಕೊಟ್ಟಿದ್ದೇನೆ. ಮಿಕ್ಕವರೆಲ್ಲ ತಂತಮ್ಮ ಪೆಟ್ಟಿಗೆ ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ, ನಾನು ಬಗ್ಗಿ ನೋಡುತ್ತೇನೆ, ಅವರು ಉಸಿರು ಬಿಗಿಹಿಡಿಯುತ್ತಾರೆ. ಆಗಲೂ ನಾನು ಹೆಚ್ಚು ಮಾತಾಡುವವಳಲ್ಲ. ಹೊಂದಿದರೆ ಹೊಂದಿತು ಎನ್ನುತ್ತೇನೆ, ಕೊನೆಯ ಸಾಲಿನವರೆಗೂ ಕೇಳುವಷ್ಟು ಗಟ್ಟಿಯಾಗಿ.