ಮೀಸೆಯಡಿ ಮರೆಯಾದ ಬಟನ್

ಆಳಂದದಲ್ಲಿ ಚಮನಸಾಬರ ಬ್ಯಾಂಡ್ ಗೊತ್ತಿಲ್ಲದವರಿಲ್ಲ. ಹಾಗಂತ ಚಮನಸಾಬರೇ ಹೇಳುತ್ತಾರೆ. ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ತಿರುವಿ ನಿಲ್ಲಿಸಿದ ಮೀಸೆ. ಕ್ಲಾರಿನೆಟ್ ಹಿಡಿದು ಮೆರವಣಿಗೆಯ ಮುಂದೆ ನಿಂತರೆ ಮದುಮಗ ಯಾರೆಂದು ಹುಡುಕಬೇಕು, ಅಷ್ಟು ಠೀವಿ. ನುಡಿಸುವುದೂ ಚೆನ್ನಾಗಿಯೇ. ಅದನ್ನು ಅವರ ಎದುರಾಳಿಗಳಾದ ಅಫಜಲಪುರದ ಬ್ಯಾಂಡಿನವರೂ ಒಪ್ಪುತ್ತಾರೆ, ಚಮನಸಾಬರು ಎದುರಿಗೆ ಇಲ್ಲದಾಗ.

ಆ ಅಫಜಲಪುರದವರು ವೆಬ್‌ಸೈಟ್ ಮಾಡಿಸಿದ ಸುದ್ದಿ ಬಂದ ದಿನ ಚಮನಸಾಬರಿಗೆ ಊಟ ಸೇರಲಿಲ್ಲ. ಅಕ್ಕನ ಮಗ ನದೀಮ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ. ಸೀದಾ ಅಲ್ಲಿಗೇ ಹೋದರು.

"ನಮಗೂ ಒಂದು ಮಾಡು. ನನ್ನ ಫೋಟೋ ದೊಡ್ಡದಿರ್ಲಿ."

"ಎಷ್ಟು ದೊಡ್ಡದು, ಮಾಮು?"

"ನೋಡಿದವರು ಬ್ಯಾರೆ ಕಡಿ ನೋಡಬಾರ್ದು, ಅಷ್ಟು."

ನದೀಮ ಮಾಡಿಕೊಟ್ಟ. ಮೇಲೆ ಮಾವನ ಫೋಟೋ, ಅದರ ಕೆಳಗೆ ಹಸಿರು ಬಟನ್. ಒತ್ತಿದರೆ ನೇರ ಚಮನಸಾಬರಿಗೆ ಫೋನು. ನದೀಮನ ಮೊಬೈಲಿನಲ್ಲಿ ಎಲ್ಲ ಅಚ್ಚುಕಟ್ಟಾಗಿ ಕಂಡಿತು. ಅವನ ಅಂಗಡಿಯಲ್ಲೇ ಕೊಂಡ ಚಮನಸಾಬರ ಮೊಬೈಲಿನಲ್ಲೂ ಹಾಗೆಯೇ. ಮನೆಗೆ ಬಂದು ಹೆಂಡತಿ ವಜೀರುನ್ನಿಸಾರಿಗೆ ತೋರಿಸಿದರು. ಅವರು ಒಮ್ಮೆ ನೋಡಿ, "ಮನ್ಯಾಗ ಇದ್ದದ್ದು ಸಾಲದಂಗ ಫೋನಿನ್ಯಾಗೂ ಬಂದ್ರೇನು?" ಎಂದು ಒಲೆಯ ಕಡೆ ಹೋದರು.

ಬ್ಯಾಂಡಿನ ವ್ಯಾನಿನ ಮೇಲೆ ಹಿಂದೆಲ್ಲ ಫೋನ್ ನಂಬರ್ ಬರೆಸಿತ್ತು. ನಂಬರೆಲ್ಲ ಹಳೇ ಕಾಲದ್ದು ಎಂದು ಅದನ್ನು ಅಳಿಸಿ, ವೆಬ್‌ಸೈಟಿನ ಹೆಸರು ಬರೆಸಿದರು.

ಮದುವೆಯ ಕಾಲ ಬಂತು. ಫೋನು ಮಾತ್ರ ಸುಮ್ಮನಿತ್ತು. ಮೊದಲಿನಿಂದ ಗೊತ್ತಿದ್ದವರು ಕರೆದರೇ ಹೊರತು ಹೊಸಬರು ಒಬ್ಬರೂ ಇಲ್ಲ. ಚಮನಸಾಬರು ಡಿಜೆಯವರನ್ನು ಬೈದರು, ಜನರ ಅಭಿರುಚಿಯನ್ನು ಬೈದರು. ಒಂದು ದಿನ ಅನುಮಾನ ಬಂದು ತಾವೇ ತಮ್ಮ ಮೊಬೈಲಿನಲ್ಲಿ ಆ ಹಸಿರು ಬಟನ್ ಒತ್ತಿದರು. ಬಿಜಿ ಎಂದಿತು.

"ನೋಡು, ಯಾರೋ ನಮ್ಮ ನಂಬರಿಗೆ ಹಚ್ಯಾರ," ಎಂದು ಹೆಂಡತಿಗೆ ಹೇಳಿ ಸಮಾಧಾನಪಟ್ಟರು.

ನಿಜ ಗೊತ್ತಾದದ್ದು ಜೇವರ್ಗಿಯ ಒಂದು ಮದುವೆಯಲ್ಲಿ. ಮೆರವಣಿಗೆ ಮುಗಿದ ಮೇಲೆ ಗೌರಾಬಾಯಿ ಎಂಬವರು ಹತ್ತಿರ ಬಂದರು.

"ನಮ್ಮ ಶೈಲಶ್ರೀ ಲಗ್ನಕ್ಕ ನಿಮ್ಮನ್ನೇ ಕರೀಬೇಕಂತ ಇದ್ದೆರಿ. ವ್ಯಾನ್ ಮ್ಯಾಲಿನ ಹೆಸರು ನೋಡಿ ಫೋನಿನ್ಯಾಗ ತಗದೆ. ನಿಮ್ಮ ಮೀಸಿ ಬಿಟ್ರ ಏನೂ ಕಾಣವಲ್ದು. ಕಡೀಕ ಅಫಜಲಪುರದವರಿಗೆ ಹೇಳಿಬಿಟ್ಟೆ."

ಅವರು ಮೊಬೈಲ್ ತೋರಿಸಿದರು. ಈ ತುದಿಯಿಂದ ಆ ತುದಿಯವರೆಗೆ ಮೀಸೆ. ಬೆರಳಿನಿಂದ ಸರಿಸಿದರೂ ಸರಿಯಲಿಲ್ಲ. ಮೀಸೆಯ ಒಂದು ಕೊನೆಯ ಕೆಳಗೆ ಬಟನ್ನಿನ ಹಸಿರು ಅಂಚು ಇಣುಕುತ್ತಿತ್ತು. ಒತ್ತಿದರೂ ಫೋನು ಹೋಗಲಿಲ್ಲ.

ಚಮನಸಾಬರು ಊಟದ ಪಂಕ್ತಿ ಬಿಟ್ಟು ಮಂಟಪದಲ್ಲಿ ಸಿಕ್ಕವರ ಮೊಬೈಲನ್ನೆಲ್ಲ ಕೇಳಿ ನೋಡಿದರು. ಕೆಲವರದರಲ್ಲಿ ಎಲ್ಲ ಸರಿ. ಹಲವರದರಲ್ಲಿ ಬರೀ ಮೀಸೆ. ಬೀಗರೊಬ್ಬರ ಮೊಬೈಲಿನಲ್ಲಿ ಹಣೆ ಮಾತ್ರ ಇತ್ತು. "ಇದು ಯಾರದರೀ?" ಎಂದು ಬೀಗರು ಕೇಳಿದರು. ಚಮನಸಾಬರು ಮೊಬೈಲನ್ನು ಅವರ ಕೈಗಿಟ್ಟು ಮುಂದಿನವರ ಕಡೆ ನಡೆದರು.

ಆಳಂದಕ್ಕೆ ಬಂದವರೇ ನದೀಮನ ಅಂಗಡಿಗೆ ಹೋದರು. ನದೀಮ ತಲೆ ಕೆರೆದುಕೊಂಡ.

"ಮಾಮು, ಪೇಜ್ ಒಂದೇ ಅದ. ಅದನ್ನ ತೆಗಿಯೋ ಬ್ರೌಸರ್ ಬ್ಯಾರೆ ಬ್ಯಾರೆ. ಫೋಟೋ ಇಷ್ಟೇ ಇರ್ಬೇಕಂತ ನಾ ಬರದದ್ದು ಒಂದಕ್ಕ ತಿಳೀತದ, ಒಂದಕ್ಕ ತಿಳಿಯಂಗಿಲ್ಲ. ನಾ ನನ್ನ ಫೋನಿನ್ಯಾಗ ಅಷ್ಟೇ ನೋಡಿದ್ದೆ."

"ನಾವು ಬಾರ್ಸೋಕಿಂತ ಮೊದಲ ಎಲ್ಲಾ ವಾದ್ಯ ಶ್ರುತಿ ಕೂಡಿಸ್ತೀವಿ. ನೀ ಒಂದೇ ನೋಡಿ ಬಿಟ್ಟೇನು?"

"ತಪ್ಪಾಯ್ತು. ಫೋಟೋ ಸಣ್ಣದು, ಅಡ್ಡಾಗಿ ಇದ್ರ ಎಲ್ಲಾ ಕಡಿ ಸರಿ ಕೂಡ್ತದ."

ಸಣ್ಣದು ಎಂಬ ಮಾತು ಚಮನಸಾಬರಿಗೆ ನಾಟಿತು. ಕೆಲವು ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ಕೊನೆಗೆ ವಜೀರುನ್ನಿಸಾ ಹೇಳಿದರು: "ಅಡ್ಡ ಫೋಟೋಕ್ಕ ನೀವೊಬ್ರು ಹ್ಯಾಂಗ ಸಾಲ್ತೀರಿ? ನಿಮ್ಮ ಮಂದಿನೆಲ್ಲ ನಿಲ್ಲಸ್ರಿ." ನಡುವೆ ತಾವೇ ನಿಲ್ಲುವುದೆಂದು ಕರಾರು ಹಾಕಿ ಚಮನಸಾಬರು ಒಪ್ಪಿದರು.

ಬ್ಯಾಂಡಿನವರೆಲ್ಲ ವ್ಯಾನಿನ ಮುಂದೆ ನಿಂತರು. ಅಂಚಿನಲ್ಲಿ ಪೀರಸಾಬ. ದೊಡ್ಡ ಡೋಲು ಬಾರಿಸುವ ಈ ಹಿರಿಯ ಯಾವ ಮೆರವಣಿಗೆಯಲ್ಲೂ ಕೊನೆಯ ಸಾಲಿನವನು. ಬಿಸಿಲಿಗೆ ಉಳಿದವರ ಕಣ್ಣು ಕಿರಿದಾಗಿದ್ದವು. ನದೀಮ ಫೋಟೋ ಹೊಡೆದ ಕ್ಷಣಕ್ಕೇ ಚಮನಸಾಬರು ಪಕ್ಕದವನನ್ನು ನೆಟ್ಟಗೆ ನಿಲ್ಲು ಎಂದು ಗದರಲು ತಿರುಗಿದ್ದರು. ನೇರ ನೋಡಿ ಬಾಯ್ತುಂಬ ನಕ್ಕವನು ಪೀರಸಾಬ ಒಬ್ಬನೇ. ಎಲ್ಲರೂ ಚೌಕಟ್ಟಿನೊಳಗೆ ಬಂದಿದ್ದ ಫೋಟೋ ಅದೊಂದೇ ಆದ್ದರಿಂದ ನದೀಮ ಅದನ್ನೇ ಹಾಕಿದ. ಈ ಸಲ ಅಂಗಡಿಗೆ ಬಂದ ಗಿರಾಕಿಗಳ ಮೊಬೈಲಿನಲ್ಲೆಲ್ಲ ತೆರೆದು ನೋಡಿದ. ಬಟನ್ ಎಲ್ಲದರಲ್ಲೂ ಕಂಡಿತು, ಕೆಲಸವನ್ನೂ ಮಾಡಿತು.

ಮೊದಲ ಫೋನು ಕರಜಗಿಯಿಂದ ಬಂತು. ಕಸ್ತೂರಿಬಾಯಿ ಎಂಬ ಹೆಣ್ಣುಮಗಳು.

"ಫೋಟೋದಾಗ ಡೋಲಿನವರು ಅದಾರಲ್ರಿ, ಅವರು ಬರ್ತಾರೇನು?"

ಚಮನಸಾಬರು ಮೀಸೆ ತಿರುವಿಕೊಂಡರು. "ನಾನೂ ಬರ್ತೇನ್ರಿ," ಎಂದರು.

"ನೀವೂ ಬರ್ರಿ. ಅವರು ನನ್ನ ಲಗ್ನದಾಗ ಬಾರ್ಸಿದ್ರು. ಹೆಸರು ಗೊತ್ತಿರಲಿಲ್ಲ, ನಗಿ ನೋಡಿ ಗುರ್ತು ಹಿಡದೆ. ಈಗ ಮಗಳ ಲಗ್ನ."

ಸುದ್ದಿ ಹೇಳಿದಾಗ ಪೀರಸಾಬ ಡೋಲಿನ ಪಟ್ಟಿ ಬಿಗಿಯುತ್ತಿದ್ದ.

"ಕರಜಗಿ ಲಗ್ನ ನೆನಪದ," ಎಂದ. "ಅವತ್ತು ಮಳಿಗೆ ಡೋಲು ತೊಯ್ದು ಸಪ್ಪಳನೇ ಬರ್ಲಿಲ್ಲ. ಮತ್ತ ನನ್ನೇ ಕೇಳ್ಯಾರ?" ಎಂದು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಕರಜಗಿಯ ಮೆರವಣಿಗೆಯಲ್ಲಿ ಚಮನಸಾಬರು ಅವನನ್ನು ಕೈಹಿಡಿದು ಮುಂದಿನ ಸಾಲಿಗೆ ಕರೆತಂದರು. ತಮ್ಮ ಎಡಗಡೆ ನಿಲ್ಲಿಸಿದರು. ಫೋಟೋ ತೆಗೆಯುವವನು ಬಲಗಡೆ ಇದ್ದ.